ಅರವತ್ತು ಇಂಚಿನ ಟೇಪು

ಜೆಪ್ಪಿನ ನಮ್ಮ ಓಣಿಯಲ್ಲಿ
ಟೇಪು ಇರುವುದು ನನ್ನ ಕೊರಳಲ್ಲಿ ಮಾತ್ರ.
ಹಾಗಾಗಿ ಭಾನುವಾರ ಸಂಜೆ ಎಲ್ಲರೂ ಬಂದರು.
"ಯಶವಂತಿ, ರಸ್ತೆ ಅಳೆದು ಕೊಡು" ಅಂದರು,
ರವಿಕೆ ಹೊಲಿದು ಕೊಡು ಅನ್ನುವ ಹಾಗೇ.

ಸೆವ್ರಿನ್ ಬಾಯಿಯ ಹಂಚಿನ ಮನೆ ಕೆಡವುತ್ತಾರಂತೆ.
ಐದು ಮಾಳಿಗೆ, ಅಡಿಯಲ್ಲಿ ಪಾರ್ಕಿಂಗು, ಲಿಫ್ಟು.
ಗೇಟಿಗೆ ಬೋರ್ಡು ಬಿದ್ದ ದಿನದಿಂದ
ಓಣಿಗೆ ನಿದ್ದೆ ಇಲ್ಲ.

ವಾರಿಜಕ್ಕನಿಗೆ ಬಿಸಿಲಿನ ಚಿಂತೆ:
ಮೂರು ಗಂಟೆಗೇ ನೆರಳು ಬಿದ್ದರೆ
ಹಲಸಿನ ಹಪ್ಪಳ ಒಣಗುವುದು ಯಾವಾಗ?
ಭಂಡಾರ್ಕಾರ್ ಮಾಮನಿಗೆ ತಮ್ಮ ಬಚ್ಚಲ ಕಿಟಕಿ.
ಎಪ್ಪತ್ತಾರರ ಪ್ರಾಯದಲ್ಲಿ ಯಾರು ಇಣುಕುತ್ತಾರೋ,
ಆದರೂ ಚಿಂತೆ ಚಿಂತೆಯೇ.
ಮೂಲೆಮನೆಯ ಹುಡುಗ ಏನೂ ಹೇಳಲಿಲ್ಲ;
ಅವನ ಪಾರಿವಾಳ ಇಳಿಯುವುದು ಆ ಹಂಚಿನ ಮೇಲೆ.

ಹೋಮಿಯೋಪತಿಯ ಇದಿನಬ್ಬ ಡಾಕ್ಟ್ರು
ಎಲ್ಲ ಕೇಳಿ, ತಮ್ಮ ಸಣ್ಣ ಅಕ್ಷರದಲ್ಲಿ
ಗುಳಿಗೆ ಎಣಿಸಿದ ಹಾಗೆ ಬರೆದರು:
ಗಾಳಿ, ಬೆಳಕು, ಚರಂಡಿ, ಬಾವಿಯ ನೀರು.
ಹಪ್ಪಳ ಅಂತ ಬರೆದರೆ ಪಾಲಿಕೆಯವರು ನಗುತ್ತಾರಂತೆ.
ಪಾರಿವಾಳಕ್ಕೆ ಕಾಲಂ ಇಲ್ಲವಂತೆ.
"ಮುಖ್ಯ ಇರುವುದು ರಸ್ತೆಯ ಅಗಲ.
ಎಷ್ಟು ಸಪೂರ ಉಂಟೋ ಅಷ್ಟು ನಮಗೆ ಒಳ್ಳೆಯದು."
ನನ್ನ ರುಜು ಆಗಲೇ ಬಿದ್ದಿತ್ತು, ಮೇಲಿಂದ ಮೂರನೆಯದು.

ನನ್ನ ಟೇಪಿನ ತುದಿಯ ತಗಡು ಹೋಗಿ ಕಾಲವಾಯ್ತು,
ಎರಡನೇ ಇಂಚಿನಿಂದ ಎಣಿಸಬೇಕು.
ಈ ಓಣಿಯ ಎಲ್ಲ ಸೊಂಟ ಅದಕ್ಕೆ ಗೊತ್ತು,
ಯಾರ ಮದುವೆಯ ರವಿಕೆ ಯಾಕೆ ಅವಸರದಲ್ಲಿ
ಸಡಿಲ ಮಾಡಿದ್ದೆಂದೂ ಗೊತ್ತು. ಹೇಳುವುದಿಲ್ಲ.
ರಸ್ತೆಯ ಸೊಂಟ ಮಾತ್ರ ಹಿಡಿದಿರಲಿಲ್ಲ.

ಒಂದು ಟೇಪು, ಡಾಂಬರಿನ ಮೇಲೆ ಚಾಕಿನ ಗೆರೆ,
ಮತ್ತೊಂದು ಟೇಪು, ಮತ್ತೊಂದು ಗೆರೆ.
ಆಚೆ ತುದಿ ಹಿಡಿಯಲು ಬಗ್ಗುವವರಿಲ್ಲ,
ಅರ್ಜಿದಾರರಿಗೆಲ್ಲ ಮಂಡಿನೋವು.
"ಇಲ್ಲಿ ಕೊಡು ಮಾರಾಯ್ತಿ" ಅಂತ
ಗೇಟು ದಾಟಿ ಬಂದು ಕೂತೇಬಿಟ್ಟರು
ಸೆವ್ರಿನ್ ಬಾಯಿ.
ಡಾಕ್ಟ್ರು ಕಾಗದವನ್ನು ಮಡಚಿ ಕಿಸೆಗಿಟ್ಟರು.
"ಮೂವರು ತಂಗಿಯರ ಪಾಲು. ಹಂಚಿನ ಮನೆಯನ್ನು
ಕೆಡವದೆ ಹಂಚುವುದು ಹೇಗೆ" ಅಂತ
ಬಾಯಿ ಹೇಳಿದ್ದು ನೆಲಕ್ಕೆ,
ಟೇಪಿನ ತುದಿಯನ್ನು ಹೆಬ್ಬೆರಳಲ್ಲಿ ಒತ್ತಿಕೊಂಡು.

ಅವರ ಗೇಟಿನ ಬಳಿ ನೂರ ಅರವತ್ತೆರಡು ಇಂಚು.
ಮಾಮನ ಕಾಂಪೌಂಡಿನ ಬಳಿ ನೂರ ಐವತ್ತು.
ವಾರಿಜಕ್ಕನಲ್ಲಿ ನೂರ ನಲವತ್ತಾರು,
ಅವರ ಮೆಟ್ಟಿಲು ಇಳಿಯುತ್ತ ಇಳಿಯುತ್ತ ರಸ್ತೆಗೇ ಬಂದಿದೆ.
ಅತಿ ಸಪೂರ ಎಲ್ಲಿ ಎಂದು ಹುಡುಕುತ್ತ ಬಂದರೆ
ನೂರ ಮೂವತ್ತೆರಡು,
ನನ್ನ ಜಗಲಿ.

ಬಟ್ಟೆಗೆ ಎರಚಲು ಹೊಡೆಯುತ್ತದೆಂದು ಒಂದು ಶೀಟು,
ಶೀಟಿಗೊಂದು ಕಂಬ, ಕಂಬಕ್ಕೊಂದು ಕಟ್ಟೆ.
ಹೊಲಿಗೆ ಮೆಶಿನ್ನಿನ ಎರಡು ಕಾಲು
ಹದಿನೆಂಟು ವರ್ಷದಿಂದ ರಸ್ತೆಯಲ್ಲಿ ನಿಂತಿವೆ.
ಆಗ ಯಾರೂ ಅರ್ಜಿ ಬರೆಯಲಿಲ್ಲ.
ಸಿಮೆಂಟು ಕಲಸುವವನಿಗೆ
ಸೆವ್ರಿನ್ ಬಾಯಿ ಚಾ ಕಳಿಸಿದ್ದರು.

"ಎಷ್ಟಾಯ್ತು?" ಡಾಕ್ಟ್ರ ಪೆನ್ನು ಕಾಯುತ್ತಿತ್ತು.
ನಾವು ಗೆಲ್ಲುವ ಅಳತೆ ಅದೇ.
ಪಾಲಿಕೆಯವರು ನೋಡಲು ಬಂದರೆ
ಮೊದಲು ಬಿಚ್ಚುವ ಹೊಲಿಗೆಯೂ ಅದೇ.
ಟೇಪು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.
"ಹಳೇ ಟೇಪು ಡಾಕ್ಟ್ರೇ, ಎಳೆದರೆ ಹಿಗ್ಗುತ್ತದೆ."
ಅವರು ನನ್ನ ಜಗಲಿ ನೋಡಿದರು,
ಚಾಕಿನ ಗೆರೆ ನೋಡಿದರು,
ಪೆನ್ನಿಗೆ ಮುಚ್ಚಳ ಹಾಕಿದರು.

ಬಾಯಿ ಎದ್ದು ಕೈಯ ಧೂಳು ಕೊಡವಿ
ಚೀಲದಿಂದ ಒಂದು ನೀಲಿ ರವಿಕೆ ತೆಗೆದು
ಮೆಶಿನ್ನಿನ ಮೇಲಿಟ್ಟರು, ರಸ್ತೆಯಲ್ಲಿರುವ ಬದಿಗೆ.
"ಬುಧವಾರಕ್ಕೆ ಬೇಕು. ಪಕ್ಕದಲ್ಲಿ ಬಿಗಿ.
ಒಳಗೆ ಸ್ವಲ್ಪ ಬಟ್ಟೆ ಬಿಟ್ಟಿದ್ದೀ ಅಲ್ವಾ?"

ನೋಡಿ ಹೇಳ್ತೇನೆ, ಅಂದೆ.